ಮೋಟಾರ್ ಶುರುವಾದರೆ ರೂಟರ್ ಸಾಯುತ್ತದೆ: ಪ್ಯಾನೆಲ್ ಒಳಗೆ ಇಂಡಸ್ಟ್ರಿಯಲ್ ರೂಟರ್ ಕೂರಿಸುವುದು ಹೇಗೆ?

ಪ್ರಶ್ನೆ: ನಮ್ಮ ಪಂಪ್ ಪ್ಯಾನೆಲ್‌ನಲ್ಲಿ 5.5 ಕಿಲೋವ್ಯಾಟ್‌ನ ಒಂದು ವಿಎಫ್‌ಡಿ (ಮೋಟಾರ್ ವೇಗ ನಿಯಂತ್ರಿಸುವ ಡ್ರೈವ್), ನಾಲ್ಕೈದು ಕಾಂಟ್ಯಾಕ್ಟರ್ (ಕಾಯಿಲ್‌ನಿಂದ ನಡೆಯುವ ದೊಡ್ಡ ಸ್ವಿಚ್), ಒಂದು ಪಿಎಲ್‌ಸಿ (ಪಂಪ್ ನಡೆಸುವ ಸಣ್ಣ ಕಂಪ್ಯೂಟರ್), ಅದಕ್ಕೊಂದು 24 ವೋಲ್ಟ್ ಎಸ್‌ಎಂಪಿಎಸ್ (ಎಸಿಯನ್ನು ಡಿಸಿ ಮಾಡುವ ಪವರ್ ಸಪ್ಲೈ) ಇವೆ. ಪಿಎಲ್‌ಸಿಯನ್ನು ದೂರದಿಂದ ನೋಡಲು ಮನೆಯಲ್ಲಿ ಬಳಸುವಂಥ 4ಜಿ ರೂಟರನ್ನು ಡಬಲ್ ಸೈಡ್ ಟೇಪ್ ಹಾಕಿ ಒಳಗೆ ಅಂಟಿಸಿದ್ದೆವು. ಅದರ 12 ವೋಲ್ಟ್ ಅಡಾಪ್ಟರ್ ಪ್ಯಾನೆಲ್ ಒಳಗಿನ ಸಾಕೆಟ್‌ನಲ್ಲಿದೆ. ಮೋಟಾರ್ ಶುರುವಾದಾಗೆಲ್ಲ ರೂಟರ್ ರೀಸ್ಟಾರ್ಟ್ ಆಗುತ್ತದೆ. ಬಾಗಿಲು ಮುಚ್ಚಿದರೆ ಸಿಗ್ನಲ್ ಹೋಗುತ್ತದೆ. ಈಗ ಇಂಡಸ್ಟ್ರಿಯಲ್ ರೂಟರ್ ತಂದಿದ್ದೇವೆ. 9ರಿಂದ 36 ವೋಲ್ಟ್ ಡಿಸಿ ಇನ್‌ಪುಟ್, ಎರಡು ಆಂಟೆನಾ, ಒಂದು ಆರ್‌ಎಸ್-485 ಪೋರ್ಟ್ (ಉಪಕರಣಗಳು ಎರಡು ವೈರ್ ಮೂಲಕ ಮಾತಾಡುವ ಪೋರ್ಟ್) ಇದೆ. ಇದನ್ನು ಎಲ್ಲಿ ಕೂರಿಸಬೇಕು, ಸುರಕ್ಷಿತವಾಗಿ ವೈರಿಂಗ್ ಹೇಗೆ ಮಾಡಬೇಕು?

ಉತ್ತರ: ನಿಮ್ಮದು ಎರಡು ದೂರು, ಎರಡೂ ಹಳೇ ರೂಟರ್ ಮೇಲೆ. ನೀವು ಬರೆದದ್ದನ್ನು ಓದಿದರೆ ರೂಟರ್‌ಗಿಂತ ನನಗೆ ಅನುಮಾನ ಬೇರೆ ಮೂರರ ಮೇಲೆ: ಅದಕ್ಕೆ ಕರೆಂಟ್ ಬಂದ ದಾರಿ, ವೈರ್ ಹಾದುಹೋದ ದಾರಿ, ಅದು ಕೂತ ಜಾಗ. ಈ ಮೂರನ್ನು ಹಾಗೇ ಬಿಟ್ಟು ಡಬ್ಬಿ ಮಾತ್ರ ಬದಲಿಸಿದರೆ, ಹೊಸ ರೂಟರ್ ಇನ್ನಷ್ಟು ದಿನ ಜಾಸ್ತಿ ತಡೆದುಕೊಳ್ಳಬಹುದು, ಆಮೇಲೆ ಮತ್ತೆ ಅದೇ ಕತೆ. ಹಾಗಾಗಿ ಹೊಸದನ್ನು ಪೆಟ್ಟಿಗೆಯಿಂದ ತೆಗೆಯುವ ಮುಂಚೆ ಹಳೇದರ ಮೇಲೆ ಒಂದು ಸಣ್ಣ ಪರೀಕ್ಷೆ ಮಾಡಿ.

ಕೆಳಗೆ ಬರುವ ಸುರಕ್ಷತೆಯ ಮಾತು ಮೊದಲು ಓದಿಕೊಂಡು, ಪ್ಯಾನೆಲ್ ಆಫ್ ಮಾಡಿ, ಅಡಾಪ್ಟರ್ ಕಿತ್ತುಬಿಡಿ. ಪ್ಯಾನೆಲ್ ಹೊರಗೆ ಒಂದು 12 ವೋಲ್ಟ್ ಬ್ಯಾಟರಿ ಇಟ್ಟು, ನಡುವೆ 2 ಆಂಪಿಯರ್ ಫ್ಯೂಸ್ ಹಾಕಿ, ಹಳೇ ರೂಟರ್‌ಗೆ ಅದರಿಂದ ಕರೆಂಟ್ ಕೊಡಿ. ಬಾಗಿಲು ಮುಚ್ಚಿ ಪ್ಯಾನೆಲ್ ಮತ್ತೆ ಆನ್ ಮಾಡಿ, ಮೋಟಾರ್ ಹತ್ತು ಸಲ ಆನ್ ಆಫ್ ಮಾಡಿ. ಈಗ ರೀಸ್ಟಾರ್ಟ್ ನಿಂತರೆ ರೋಗ ಕರೆಂಟಿನ ದಾರಿಯಲ್ಲಿದೆ. ಸಾಕೆಟ್‌ನ ವೋಲ್ಟೇಜ್ ಕ್ಷಣಕಾಲ ಕುಸಿಯುತ್ತಿದೆ, ಇಲ್ಲವೇ ಕಾಂಟ್ಯಾಕ್ಟರ್‌ನ ಸ್ಪೈಕ್ (ಕ್ಷಣಕಾಲ ಜಿಗಿಯುವ ವೋಲ್ಟೇಜ್) ಅಡಾಪ್ಟರ್ ಮೂಲಕ ಒಳಗೆ ನುಗ್ಗುತ್ತಿದೆ. ಬ್ಯಾಟರಿಯಲ್ಲೂ ರೀಸ್ಟಾರ್ಟ್ ಆದರೆ ಈಥರ್ನೆಟ್ ಕೇಬಲ್ ಕಿತ್ತು ಇನ್ನೊಮ್ಮೆ ನೋಡಿ. ಕೇಬಲ್ ಕಿತ್ತಾಗ ನಿಂತರೆ, ಆ ಕೇಬಲ್ ಮೋಟಾರ್ ಕೇಬಲ್ ಪಕ್ಕದಲ್ಲಿ ಮಲಗಿ ಡ್ರೈವ್‌ನ ಗದ್ದಲವನ್ನು (ಎಲೆಕ್ಟ್ರಿಕಲ್ ನಾಯ್ಸ್) ಹೊತ್ತು ತರುತ್ತಿದೆ ಅಂತ ಅರ್ಥ. ಅರ್ಧ ಗಂಟೆಯ ಕೆಲಸ. ಮುಂದೆ ನಾನು ಹೇಳುವುದರಲ್ಲಿ ಯಾವುದಕ್ಕೆ ಜಾಸ್ತಿ ಗಮನ ಕೊಡಬೇಕು ಅನ್ನುವುದು ಇದರಿಂದಲೇ ಗೊತ್ತಾಗುತ್ತದೆ.

ಈಗ ಸುರಕ್ಷತೆ. ಪ್ಯಾನೆಲ್ ಬಾಗಿಲು ತೆರೆದು ಕೆಲಸ ಮಾಡುವ ತರಬೇತಿ ಮತ್ತು ಅನುಮತಿ ಇರುವವರೇ ಇದನ್ನು ಮಾಡಬೇಕು. ರೂಟರ್ 24 ವೋಲ್ಟ್‌ನದು, ಅದನ್ನು ಮುಟ್ಟಿದರೆ ಏನೂ ಆಗುವುದಿಲ್ಲ ನಿಜ. ಆದರೆ ಕೈ ಹಾಕುತ್ತಿರುವುದು 400 ವೋಲ್ಟ್ ಇರುವ ಪೆಟ್ಟಿಗೆಯೊಳಗೆ. ಮೇನ್ ಸ್ವಿಚ್ ಆಫ್ ಮಾಡಿ, ಬೀಗ ಹಾಕಿ, ಬೀಗದ ಕೈ ನಿಮ್ಮ ಜೇಬಿನಲ್ಲೇ ಇರಲಿ, ನಿಮ್ಮ ಹೆಸರಿನ ಟ್ಯಾಗ್ ತೂಗುಹಾಕಿ. ಆಮೇಲೆ ಟೆಸ್ಟರ್ ಹಿಡಿಯಿರಿ. ಕರೆಂಟ್ ಇದೆ ಅಂತ ಖಚಿತವಾಗಿ ಗೊತ್ತಿರುವ ಕಡೆ ಮೊದಲು ಟೆಸ್ಟರನ್ನೇ ಪರೀಕ್ಷಿಸಿ, ನಂತರ ಪ್ಯಾನೆಲ್ ನೋಡಿ, ಮತ್ತೆ ಹೋಗಿ ಟೆಸ್ಟರನ್ನು ಪರೀಕ್ಷಿಸಿ. ಮಧ್ಯದಲ್ಲಿ ಟೆಸ್ಟರೇ ಕೆಟ್ಟಿದ್ದರೆ ಅದು ತೋರಿಸುವ ಸೊನ್ನೆಗೆ ಬೆಲೆಯಿಲ್ಲ ಅಲ್ವಾ?

ಡ್ರೈವ್ ಇರುವ ಪ್ಯಾನೆಲ್‌ನಲ್ಲಿ ಇಷ್ಟೇ ಸಾಲದು. ವಿಎಫ್‌ಡಿ ಒಳಗಿನ ಕೆಪಾಸಿಟರ್‌ಗಳಲ್ಲಿ, 400 ವೋಲ್ಟ್ ಸಪ್ಲೈ ಆದರೆ, ಸುಮಾರು 560 ವೋಲ್ಟ್ ಡಿಸಿ ತುಂಬಿಕೊಂಡಿರುತ್ತದೆ. ಮೇನ್ ಆಫ್ ಮಾಡಿದ ತಕ್ಷಣ ಅದು ಖಾಲಿಯಾಗುವುದಿಲ್ಲ. ಎಷ್ಟು ನಿಮಿಷ ಕಾಯಬೇಕು ಅಂತ ಡ್ರೈವ್ ಮೇಲೇ ಬರೆದಿರುತ್ತದೆ. ಅಷ್ಟು ಕಾದು, ಆಮೇಲೂ ಅಳತೆ ಮಾಡಿಯೇ ಕೈ ಹಾಕಿ.

ಇನ್ನೊಂದು ಅಪಾಯ ನನಗೆ ಸ್ವಂತ ಅನುಭವದಿಂದ ಗೊತ್ತಾದದ್ದು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಪ್ಯಾನೆಲ್‌ಗೆ ಮೋಡೆಮ್ ಹಾಕಬೇಕಿತ್ತು. ಮೇನ್ ಆಫ್ ಮಾಡಿದೆ. ಎಲ್ಲ ದೀಪ ಆರಿದವು. ಟರ್ಮಿನಲ್ ಸಾಲಿನ ಕೊನೆಯಲ್ಲಿ ನಾಲ್ಕು ವೈರ್ ಸ್ವಲ್ಪ ಪಕ್ಕಕ್ಕೆ ಸರಿಸಿದರೆ ಜಾಗ ಸಿಗುತ್ತಿತ್ತು. ಕೆಲಸ ಕಲಿಸಿದ ಹಿರಿಯರು ಹಚ್ಚಿದ ರೂಢಿ, ಅದಕ್ಕೇ ಮುಟ್ಟುವ ಮುಂಚೆ ಒಂದೊಂದಕ್ಕೂ ಟೆಸ್ಟರ್ ಇಟ್ಟೆ. ಮೂರನೆಯ ವೈರ್ 230 ವೋಲ್ಟ್ ತೋರಿಸಿತು. ಪಕ್ಕದ ಪ್ಯಾನೆಲ್‌ನಿಂದ ಇಂಟರ್‌ಲಾಕ್‌ಗೆ (ಒಂದು ಓಡುವಾಗ ಇನ್ನೊಂದನ್ನು ತಡೆಯುವ ಸರ್ಕ್ಯೂಟ್) ಅಂತ ಬಂದ ವೈರ್ ಅದು. ಅದರ ಸ್ವಿಚ್ ಬೇರೆ ಕಡೆ ಇತ್ತು. ಉಳಿದ ವೈರ್‌ಗಳ ಹಾಗೇ ಬೂದು ಬಣ್ಣ, ಮೇಲೆ ಒಂದು ಚೀಟಿಯೂ ಇಲ್ಲ. ಯಂತ್ರಗಳ ವೈರಿಂಗ್‌ಗೆ ಇರುವ ಐಇಸಿ 60204-1 ನಿಯಮ, ಮೇನ್ ಆಫ್ ಆದರೂ ಜೀವಂತ ಇರುವ ಇಂಥ ವೈರ್‌ಗೆ ಕಿತ್ತಳೆ ಬಣ್ಣ ಸೂಚಿಸುತ್ತದೆ. ಹಳೇ ಪ್ಯಾನೆಲ್‌ಗಳಲ್ಲಿ ಆ ಬಣ್ಣವನ್ನು ನಂಬಿ ಕೂರಬೇಡಿ. ಪ್ರತಿ ವೈರನ್ನೂ ಅಳೆಯಿರಿ.

ಇನ್ನು ಜಾಗ. ಪ್ಯಾನೆಲ್‌ನಲ್ಲಿ ಖಾಲಿ ಕಾಣುವ ಜಾಗ ಸಾಮಾನ್ಯವಾಗಿ ಮೇಲ್ಗಡೆ ಇರುತ್ತದೆ, ಆಂಟೆನಾಗೂ ಹತ್ತಿರ. ಅದಕ್ಕೇ ಎಲ್ಲರೂ ರೂಟರನ್ನು ಅಲ್ಲಿಗೇ ಸೇರಿಸುತ್ತಾರೆ. ಆದರೆ ಬಿಸಿ ಗಾಳಿಯೂ ಅಲ್ಲಿಗೇ ಸೇರುತ್ತದೆ. ಒಂದು ಲೆಕ್ಕ ಹಾಕೋಣ. ಗೋಡೆಗೆ ನೇತುಹಾಕಿದ, ಫ್ಯಾನ್ ಇಲ್ಲದ ಪ್ಯಾನೆಲ್, 800 ಮಿ.ಮೀ. ಎತ್ತರ, 600 ಅಗಲ, 250 ಆಳ ಅಂತ ಇಟ್ಟುಕೊಳ್ಳಿ. ಬಿಸಿ ಹೊರಹಾಕಲು ಅದಕ್ಕೆ ಸಿಗುವ ಮೇಲ್ಮೈ ಸುಮಾರು 1.2 ಚದರ ಮೀಟರ್. ಪೇಂಟ್ ಮಾಡಿದ ಉಕ್ಕಿನ ತಗಡು ಪ್ರತಿ ಚದರ ಮೀಟರಿಗೆ, ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 5.5 ವ್ಯಾಟ್ ಬಿಸಿಯನ್ನು ಹೊರಗೆ ಬಿಡುತ್ತದೆ. ನಿಮ್ಮ ಡ್ರೈವ್ ಪೂರ್ತಿ ಲೋಡ್‌ನಲ್ಲಿ ಶೇಕಡ 3ರಷ್ಟನ್ನು ಬಿಸಿಯಾಗಿ ಬಿಟ್ಟರೂ ಅದೇ 160 ವ್ಯಾಟ್ ದಾಟುತ್ತದೆ. ಕಡಿಮೆ ಮಾಡಿ ಒಟ್ಟು 150 ವ್ಯಾಟ್ ಅಂತಲೇ ಹಿಡಿಯಿರಿ. 150ನ್ನು 5.5ರಿಂದಲೂ 1.2ರಿಂದಲೂ ಭಾಗಿಸಿದರೆ ಸುಮಾರು 23 ಡಿಗ್ರಿ ಬರುತ್ತದೆ. ಹೊರಗೆ 40 ಡಿಗ್ರಿ ಇದ್ದ ದಿನ ಒಳಗೆ 63. ಅದೂ ಸರಾಸರಿ. ಛಾವಣಿಯ ಕೆಳಗೆ ಇನ್ನೂ ಜಾಸ್ತಿ.

ಈಗ ನಿಮ್ಮ ರೂಟರ್‌ನ ಲೇಬಲ್ ನೋಡಿ. ಕೆಲವು 75 ಡಿಗ್ರಿವರೆಗೆ ತಾಳುತ್ತವೆ, ಕೆಲವು 60ಕ್ಕೇ ನಿಲ್ಲುತ್ತವೆ. ಇಂಡಸ್ಟ್ರಿಯಲ್ ಅಂತ ಹೆಸರಿದ್ದ ಮಾತ್ರಕ್ಕೆ ಎಲ್ಲಕ್ಕೂ ಒಂದೇ ಮಿತಿ ಇಲ್ಲ. ಮಿತಿಯೊಳಗೇ ಇದ್ದರೂ, ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ನ ಆಯಸ್ಸು 10 ಡಿಗ್ರಿ ಏರಿದಾಗ ಅರ್ಧಕ್ಕೆ ಇಳಿಯುತ್ತದೆ ಅನ್ನುವುದು ಈ ಕೆಲಸದಲ್ಲಿ ಎಲ್ಲರೂ ಬಳಸುವ ಲೆಕ್ಕ. ಹಾಗಾಗಿ ನನ್ನ ಸಲಹೆ ಇದು. ರೂಟರನ್ನು ಪಿಎಲ್‌ಸಿ ಇರುವ ಸಾಲಿನಲ್ಲೇ, ಡ್ರೈವ್‌ನಿಂದ ಆದಷ್ಟು ದೂರದ ತುದಿಯಲ್ಲಿ ಕೂರಿಸಿ. ಡ್ರೈವ್‌ನ ತಲೆಯ ಮೇಲೆ ಮಾತ್ರ ಬೇಡವೇ ಬೇಡ. ಡ್ರೈವ್‌ನ ಫ್ಯಾನ್ ಊದುವ ಬಿಸಿ ಗಾಳಿ ನೇರವಾಗಿ ಅಲ್ಲಿಗೇ ಬರುತ್ತದೆ. ಮೇಲೆ ಕೆಳಗೆ ಎಷ್ಟು ಜಾಗ ಬಿಡಬೇಕೆಂದು ಮ್ಯಾನುಯಲ್ ಹೇಳದಿದ್ದರೆ 50 ಮಿ.ಮೀ. ಬಿಡಿ. ಮುಂದುಗಡೆಯೂ ನೋಡಿ. ಈಥರ್ನೆಟ್ ಪ್ಲಗ್ ಮತ್ತು ಆಂಟೆನಾ ಕೇಬಲ್ ತಿರುವಿಗೆ ಜಾಗ ಬೇಕು, ಬಾಗಿಲು ಮುಚ್ಚಿದಾಗ ಅದು ಕೇಬಲ್ಲನ್ನು ಒತ್ತಬಾರದು. ಸಿಮ್ ಹಾಕುವ ಕಿಂಡಿ ಯಾವ ಕಡೆ ಇದೆ ಅಂತ ಕೂಡ ಈಗಲೇ ನೋಡಿಕೊಳ್ಳಿ. ಅದು ಪಕ್ಕದ ಟರ್ಮಿನಲ್‌ಗೆ ಮುಖ ಮಾಡಿದ್ದರೆ ಸಿಮ್ ಬದಲಿಸಲು ಮುಂದೆ ರೂಟರನ್ನೇ ಕಳಚಬೇಕಾಗುತ್ತದೆ. ಸಿಮ್ ಹಾಕುವಾಗ, ತೆಗೆಯುವಾಗ ರೂಟರ್ ಆಫ್ ಇರಲಿ.

ಉಪಕರಣಗಳನ್ನು ಸಿಕ್ಕಿಸುವ ಲೋಹದ ಪಟ್ಟಿ, ಅಂದರೆ ಡಿನ್ ರೈಲು, ಸಾಮಾನ್ಯವಾಗಿ 35 ಮಿ.ಮೀ. ಅಗಲದ್ದು. ರೂಟರ್ ಹಿಂದಿನ ಕ್ಲಿಪ್ಪನ್ನು ಮೇಲಿನ ಅಂಚಿಗೆ ಸಿಕ್ಕಿಸಿ ಕೆಳಗೆ ಒತ್ತಿದರೆ ಟಕ್ ಅಂತ ಕೂರುತ್ತದೆ. ಆ ಸದ್ದು ಬರದಿದ್ದರೆ ಕೂತಿಲ್ಲ. ಎರಡೂ ಬದಿಗೆ ಎಂಡ್ ಸ್ಟಾಪರ್ ಹಾಕಿ. ಪಂಪ್ ಪಕ್ಕದ ಪ್ಯಾನೆಲ್ ಸದಾ ಸಣ್ಣಗೆ ನಡುಗುತ್ತಿರುತ್ತದೆ. ಸ್ಟಾಪರ್ ಇಲ್ಲದ ಉಪಕರಣ ರೈಲಿನ ಮೇಲೆ ನಿಧಾನವಾಗಿ ಜಾರಿ ಕೇಬಲ್ಲನ್ನು ಎಳೆಯತೊಡಗುತ್ತದೆ. ಟೇಪಿನ ಮಾತು ಮುಗಿಯಿತು ಅಂದುಕೊಳ್ಳಿ. ಬಿಸಿಗೆ ಅಂಟು ಬಿಟ್ಟ ರೂಟರ್ ಬಿದ್ದರೆ ಎಲ್ಲಿಗೆ ಬೀಳುತ್ತದೆ? ಕೆಳಗಿನ ಕಾಂಟ್ಯಾಕ್ಟರ್ ಟರ್ಮಿನಲ್ ಮೇಲೆ.

ರೈಲಿಗೋ ಗ್ಲ್ಯಾಂಡ್‌ಗೋ (ಕೇಬಲ್ ಒಳಬರುವ ತೂತನ್ನು ಬಿಗಿಯಾಗಿ ಮುಚ್ಚುವ ಭಾಗ) ತೂತು ಕೊರೆಯುವುದಿದ್ದರೆ ಒಂದು ನಿಮಿಷ ನಿಲ್ಲಿ. ಡ್ರಿಲ್ ಮಾಡುವಾಗ ಬರುವ ಉಕ್ಕಿನ ಸುರುಳಿ ಚೂರುಗಳಷ್ಟು ಕೆಟ್ಟ ಶತ್ರು ಪ್ಯಾನೆಲ್‌ಗೆ ಬೇರೆ ಇಲ್ಲ. ಒಮ್ಮೆ ಕಾರಣವೇ ಇಲ್ಲದೆ ಸತ್ತ ಎಸ್‌ಎಂಪಿಎಸ್ ಬಿಚ್ಚಿದಾಗ, ಮೇಲಿನ ಗಾಳಿಕಿಂಡಿಯಿಂದ ಇಳಿದ, ಉಗುರಿನಷ್ಟು ಉದ್ದದ ಒಂದು ಸುರುಳಿ ಸರ್ಕ್ಯೂಟ್ ಬೋರ್ಡಿನ ಎರಡು ಕಾಲುಗಳ ನಡುವೆ ಕೂತಿತ್ತು. ಸುತ್ತ ಕಪ್ಪಗೆ ಸುಟ್ಟಿತ್ತು. ಯಾರೋ ತಿಂಗಳ ಹಿಂದೆ ಮೇಲೊಂದು ತೂತು ಕೊರೆದಿದ್ದರು. ಕೊರೆಯುವ ಮುಂಚೆ ಕೆಳಗಿನ ಎಲ್ಲ ಉಪಕರಣದ ಮೇಲೆ ದಪ್ಪ ಹಾಳೆ ಅಥವಾ ಬಟ್ಟೆ ಹೊದಿಸಿ, ಅಂಚನ್ನು ಟೇಪ್‌ನಿಂದ ಮುಚ್ಚಿ. ಮುಗಿದ ಮೇಲೆ ವ್ಯಾಕ್ಯೂಮ್‌ನಿಂದ ಎಳೆದುಕೊಳ್ಳಿ. ಗಾಳಿ ಊದಬೇಡಿ, ಊದಿದರೆ ಚೂರುಗಳು ಇನ್ನೂ ಒಳಕ್ಕೇ ಹೋಗುತ್ತವೆ. ತೂತಿನ ಅಂಚಿನ ಮುಳ್ಳು ಉಜ್ಜಿ, ಬರೀ ಉಕ್ಕು ಕಾಣುವ ಕಡೆ ಪೇಂಟ್ ಹಚ್ಚಿ.

ಇನ್ನು ಕರೆಂಟ್, ನಿಮ್ಮ ಪ್ರಶ್ನೆಯ ಹೂರಣ ಇಲ್ಲೇ ಇದೆ. ಹೊಸ ರೂಟರ್ 9ರಿಂದ 36 ವೋಲ್ಟ್ ತೆಗೆದುಕೊಳ್ಳುತ್ತದೆ, ನಿಮ್ಮಲ್ಲಿ 24 ವೋಲ್ಟ್ ಎಸ್‌ಎಂಪಿಎಸ್ ಇದೆ. ಸಾಕೆಟ್, ಅಡಾಪ್ಟರ್ ಎರಡನ್ನೂ ಬಿಟ್ಟುಬಿಡಿ. ಇಂಥ ರೂಟರ್ ಸಾಮಾನ್ಯವಾಗಿ 5ರಿಂದ 10 ವ್ಯಾಟ್ ಎಳೆಯುತ್ತದೆ. 24 ವೋಲ್ಟ್‌ನಲ್ಲಿ 10 ವ್ಯಾಟ್ ಅಂದರೆ ಅರ್ಧ ಆಂಪಿಯರ್‌ಗೂ ಕಡಿಮೆ. ಎಸ್‌ಎಂಪಿಎಸ್ ಮೇಲೆ ಈಗಾಗಲೇ ಎಷ್ಟು ಹೊರೆ ಇದೆ ಅಂತ ಕ್ಲ್ಯಾಂಪ್ ಮೀಟರ್‌ನಿಂದ ಅಳೆಯಿರಿ. ಡಿಸಿ ಅಳೆಯುವ ಕ್ಲ್ಯಾಂಪ್ ಬೇಕು, ಬರೀ ಎಸಿಯದ್ದಾದರೆ ಸೊನ್ನೆ ತೋರಿಸುತ್ತದೆ. 5 ಆಂಪಿಯರ್‌ನ ಎಸ್‌ಎಂಪಿಎಸ್‌ನಿಂದ ಈಗಲೇ ನಾಲ್ಕೂವರೆ ಹೋಗುತ್ತಿದ್ದರೆ, ರೂಟರ್ ಸೇರಿಸುವ ಮುಂಚೆ ದೊಡ್ಡದು ಹಾಕಿ.

ಎಸ್‌ಎಂಪಿಎಸ್‌ನಿಂದ ರೂಟರ್‌ಗೆ ಅದರದ್ದೇ ಆದ ಬೇರೆ ಕವಲು ಕೊಡಿ. ಪಿಎಲ್‌ಸಿಯ ಟರ್ಮಿನಲ್‌ನಿಂದ ಸುಮ್ನೆ ಒಂದು ಜಂಪರ್ ಎಳೆಯಬೇಡಿ. ಆ ಕವಲಿಗೆ ಫ್ಯೂಸ್ ಟರ್ಮಿನಲ್ ಹಾಕಿ. ಮ್ಯಾನುಯಲ್ ಹೇಳಿದ ರೇಟಿಂಗೇ ಇರಲಿ, ಸಾಮಾನ್ಯವಾಗಿ 1 ಅಥವಾ 2 ಆಂಪಿಯರ್‌ನ ಸ್ಲೋ ಬ್ಲೋ (ಕ್ಷಣಿಕ ಏರಿಕೆಗೆ ಹಾರದ ಬಗೆ). ಇಲ್ಲಿ ತುಂಬ ಜನ ಕೈಗೆ ಸಿಕ್ಕ 6 ಆಂಪಿಯರ್ ಎಂಸಿಬಿ ಹಾಕಿ ಸುರಕ್ಷಿತ ಅಂದುಕೊಳ್ಳುತ್ತಾರೆ. ಅದು ಯಾಕೆ ಸಾಲದು ನೋಡಿ. ಸಿ ಕರ್ವ್ ಅನ್ನುವ ಬಗೆಯ ಎಂಸಿಬಿ ತಟ್ಟನೆ ಬೀಳಬೇಕಾದರೆ ಅದರ ರೇಟಿಂಗ್‌ನ 5ರಿಂದ 10 ಪಟ್ಟು ಕರೆಂಟ್ ಹರಿಯಬೇಕು, ಡಿಸಿಯಲ್ಲಿ ಇನ್ನೂ ಜಾಸ್ತಿ. ಅಂದರೆ 30 ಆಂಪಿಯರ್‌ಗಿಂತ ಮೇಲೆ. ನಿಮ್ಮ ಎಸ್‌ಎಂಪಿಎಸ್ ಶಾರ್ಟ್ ಆದರೂ ತನ್ನ ರೇಟಿಂಗ್‌ಗಿಂತ ಸ್ವಲ್ಪವೇ ಹೆಚ್ಚು ಕೊಟ್ಟು ತನ್ನನ್ನು ತಾನು ಕಾಪಾಡಿಕೊಳ್ಳುತ್ತದೆ. ಎಂಸಿಬಿ ಬೀಳುವುದಿಲ್ಲ, 24 ವೋಲ್ಟೇ ಬೀಳುತ್ತದೆ. ರೂಟರ್‌ನ ಒಂದು ವೈರ್ ತಗಡಿಗೆ ತಾಗಿದರೆ ಪಿಎಲ್‌ಸಿಯೂ ಸೇರಿ ಇಡೀ ಪ್ಯಾನೆಲ್ ಕತ್ತಲು. ಸಣ್ಣ ಫ್ಯೂಸ್ ಇದ್ದರೆ ರೂಟರ್ ಒಂದೇ ಹೋಗುತ್ತದೆ, ಪಂಪ್ ಓಡುತ್ತಲೇ ಇರುತ್ತದೆ. ಡಿಸಿಗೆ ಅಂತಲೇ ಬರುವ ಎಲೆಕ್ಟ್ರಾನಿಕ್ ಬ್ರೇಕರ್ ಕೂಡ ಇದೇ ಕೆಲಸ ಮಾಡುತ್ತದೆ.

ಅದೇ ಎಸ್‌ಎಂಪಿಎಸ್‌ನಿಂದ ಕಾಂಟ್ಯಾಕ್ಟರ್ ಕಾಯಿಲ್, ಸೊಲೆನಾಯ್ಡ್ ವಾಲ್ವ್ ನಡೆಯುತ್ತಿದ್ದರೆ ಅವುಗಳನ್ನೂ ನೋಡಬೇಕು. ಕಾಯಿಲ್ ಆಫ್ ಆಗುವ ಕ್ಷಣದಲ್ಲಿ ನೂರಾರು ವೋಲ್ಟ್‌ನ ಸ್ಪೈಕ್ ಒದೆಯುತ್ತದೆ. ಡಿಸಿ ಕಾಯಿಲ್‌ಗೆ ಅಡ್ಡಲಾಗಿ ಡಯೋಡ್ ಹಾಕಿ, ಗೆರೆ ಇರುವ ತುದಿ ಪ್ಲಸ್ ಕಡೆಗೆ. ತಿರುಗುಮುರುಗಾದರೆ ಶಾರ್ಟ್. ಡಯೋಡ್ ಇದ್ದರೆ ಕಾಂಟ್ಯಾಕ್ಟರ್ ಬಿಡುವುದು ಸ್ವಲ್ಪ ತಡವಾಗುತ್ತದೆ, ಬೇಗ ಬಿಡಲೇಬೇಕಾದ ಕಡೆ ವ್ಯಾರಿಸ್ಟರ್ (ಹೆಚ್ಚಿನ ವೋಲ್ಟೇಜನ್ನು ಹೀರುವ ಬಿಡಿಭಾಗ) ಹಾಕಿ. ಎಸಿ ಕಾಯಿಲ್‌ಗೆ ಆರ್‌ಸಿ ಸ್ನಬ್ಬರ್ (ರೆಸಿಸ್ಟರ್, ಕೆಪಾಸಿಟರ್ ಸೇರಿದ ಸ್ಪೈಕ್ ತಡೆ) ಅಥವಾ ವ್ಯಾರಿಸ್ಟರ್. ಕಾಂಟ್ಯಾಕ್ಟರ್ ಮೇಲೆ ನೇರವಾಗಿ ಸಿಕ್ಕಿಸುವ ಸಣ್ಣ ಬ್ಲಾಕ್‌ಗಳೇ ಸಿಗುತ್ತವೆ. ರೀಸ್ಟಾರ್ಟ್ ರೋಗಕ್ಕೆ ಎಷ್ಟೋ ಸಲ ಇಷ್ಟೇ ಮದ್ದು ಸಾಕಾಗುತ್ತದೆ. ರೂಟರ್ ಬದಲಿಸುವುದಕ್ಕಿಂತ ಮೊದಲು ಇದನ್ನೇ ಮಾಡಬೇಕಿತ್ತು ಅನ್ನಿಸುವಷ್ಟು ಸಲ ನೋಡಿದ್ದೇನೆ.

ವೈರ್ ದಪ್ಪದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. 0.75 ಅಥವಾ 1 ಚದರ ಮಿ.ಮೀ. ಸಾಕು. ತುದಿಗೆ ಮಾತ್ರ ಗಮನ ಬೇಕು. ಎಳೆಎಳೆಯ ವೈರನ್ನು ಬರಿಗೈಯಲ್ಲಿ ತಿರುಚಿ ಟರ್ಮಿನಲ್‌ಗೆ ತುರುಕಿದರೆ ಒಂದೆರಡು ಎಳೆ ಹೊರಗೆ ಉಳಿಯುತ್ತವೆ, ಪಕ್ಕದ ಟರ್ಮಿನಲ್ ಮುಟ್ಟುತ್ತವೆ. ಫೆರೂಲ್ (ವೈರ್ ತುದಿಗೆ ತೊಡಿಸುವ ಲೋಹದ ಸಣ್ಣ ಕೊಳವೆ) ಹಾಕಿ. ಫೆರೂಲ್‌ನ ಲೋಹದ ಉದ್ದಕ್ಕಿಂತ ಸ್ವಲ್ಪವೇ ಜಾಸ್ತಿ ಇನ್ಸುಲೇಶನ್ ಸುಲಿಯಿರಿ, ಒಂದು ಎಳೆಯೂ ಮಡಚದ ಹಾಗೆ ತೂರಿಸಿ, ಫೆರೂಲ್‌ಗೆ ಅಂತಲೇ ಇರುವ ಕ್ರಿಂಪಿಂಗ್ ಟೂಲ್‌ನಿಂದ ಒತ್ತಿ, ಆಮೇಲೆ ಎಳೆದು ನೋಡಿ. ಇಕ್ಕಳದಲ್ಲಿ ಚಪ್ಪಟೆ ಮಾಡಿದ್ದು ಕ್ರಿಂಪ್ ಅಲ್ಲ. ತುದಿಗೆ ಸೋಲ್ಡರ್ ಹಚ್ಚುವ ಅಭ್ಯಾಸವೂ ಸ್ಕ್ರೂ ಟರ್ಮಿನಲ್‌ಗೆ ಒಳ್ಳೆಯದಲ್ಲ. ಒತ್ತಡಕ್ಕೆ ಸೋಲ್ಡರ್ ನಿಧಾನವಾಗಿ ಹರಿದು ಸ್ಕ್ರೂ ಸಡಿಲವಾಗುತ್ತದೆ.

ಪ್ಲಗ್ಗನ್ನು ರೂಟರ್‌ಗೆ ಸಿಕ್ಕಿಸುವ ಮುಂಚೆ ಎರಡು ಅಳತೆ ಆಗಬೇಕು. ಮೊದಲನೆಯದು ಪ್ಲಸ್ ಮೈನಸ್ ಸರಿ ಇದೆಯೇ, 24 ವೋಲ್ಟೇ ಬರುತ್ತಿದೆಯೇ ಅಂತ. ಇದಕ್ಕೆ ಮಾತ್ರ ಸಪ್ಲೈ ಆನ್ ಬೇಕು, ಹಾಗಾಗಿ ಅಷ್ಟು ಹೊತ್ತು ಕೈ ಬೇರೆ ಯಾವ ಕಡೆಗೂ ಹೋಗದಿರಲಿ. ಎರಡನೆಯದನ್ನು ತುಂಬ ಜನ ಮಾಡುವುದೇ ಇಲ್ಲ. ರೂಟರನ್ನು ಮೇಜಿನ ಮೇಲಿಟ್ಟು, ಏನೂ ಜೋಡಿಸದೆ, ಅದರ ಮೈನಸ್ ಟರ್ಮಿನಲ್ ಮತ್ತು ಲೋಹದ ಹೊದಿಕೆಯ ನಡುವೆ ಮಲ್ಟಿಮೀಟರ್‌ನಲ್ಲಿ ಕಂಟಿನ್ಯೂಟಿ ನೋಡಿ. ಬೀಪ್ ಅಂದರೆ ಒಳಗೇ ಮೈನಸ್ ಮತ್ತು ಹೊದಿಕೆ ಒಂದಾಗಿವೆ. ನಿಮ್ಮ ಎಸ್‌ಎಂಪಿಎಸ್‌ನ ಮೈನಸ್ ಒಂದೇ ಕಡೆ ಅರ್ಥ್ ಆಗಿದ್ದರೆ ಇದರಿಂದ ಅಪಾಯವಿಲ್ಲ, ಆದರೆ ಅರ್ಥ್‌ಗೆ ಎರಡನೇ ದಾರಿ ಆಯಿತು ಅಂತ ಗೊತ್ತಿರಲಿ. ಇದೇ ರೂಟರನ್ನು ಪ್ಲಸ್ ಅರ್ಥ್ ಆದ ಸಪ್ಲೈಗೆ ಜೋಡಿಸಿದರೆ ಮಾತ್ರ, ರೈಲಿಗೆ ತಾಗಿದ ಕ್ಷಣವೇ ನೇರ ಶಾರ್ಟ್.

ಅರ್ಥಿಂಗ್‌ಗೆ ರೂಟರ್ ಮೇಲೆ ಒಂದು ಸ್ಕ್ರೂ ಇರುತ್ತದೆ. ಅದರಿಂದ ಪ್ಯಾನೆಲ್‌ನ ಅರ್ಥ್ ಬಾರ್‌ಗೆ ಹಸಿರು ಹಳದಿ ವೈರ್, ಆದಷ್ಟು ಗಿಡ್ಡ. ರೈಲು ಹೇಗೂ ಲೋಹದ್ದೇ ಅಲ್ವಾ ಅಂತ ಬಿಡಬೇಡಿ. ಕ್ಲಿಪ್ ಪ್ಲಾಸ್ಟಿಕ್‌ನದ್ದಾಗಿರಬಹುದು, ರೈಲಿನ ಕೆಳಗೆ ಪೇಂಟ್ ಇರಬಹುದು. ಉದ್ದ ವೈರನ್ನು ಸುರುಳಿ ಸುತ್ತಿ ಡಕ್ಟ್‌ಗೆ (ವೈರ್ ಹಾಯಿಸುವ ಕಾಲುವೆ) ತುರುಕುವುದಂತೂ ಬೇಡ. ಡ್ರೈವ್‌ನ ಹೈ ಫ್ರೀಕ್ವೆನ್ಸಿ ಗದ್ದಲಕ್ಕೆ ಆ ಸುರುಳಿ ಗೋಡೆ ಇದ್ದಂತೆ.

ಈಗ ವೈರ್‌ಗಳ ದಾರಿ. ಡ್ರೈವ್‌ನಿಂದ ಮೋಟಾರಿಗೆ ಹೋಗುವ ಕೇಬಲ್ ಈ ಪ್ಯಾನೆಲ್‌ನಲ್ಲೇ ಅತಿ ಹೆಚ್ಚು ಗದ್ದಲ ಮಾಡುವ ವೈರ್. ರೂಟರ್‌ನ ಯಾವ ವೈರೂ ಅದರ ಜೊತೆ ಒಂದೇ ಡಕ್ಟ್‌ನಲ್ಲಿ ಹೋಗಬಾರದು. ಸಮಾನಾಂತರವಾಗಿ ಹೋಗಲೇಬೇಕಾದರೆ 200 ಮಿ.ಮೀ. ಅಂತರ ಬಿಡಿ. ದಾಟಲೇಬೇಕಾದರೆ 90 ಡಿಗ್ರಿಯಲ್ಲಿ, ಅಡ್ಡವಾಗಿ ದಾಟಿಸಿ. ಪ್ಯಾನೆಲ್ ಚಿಕ್ಕದು, ಇಷ್ಟೆಲ್ಲ ಜಾಗ ಇಲ್ಲ ಅಂದರೆ ಎಡಗಡೆಯ ಡಕ್ಟ್ ಪವರ್‌ಗೆ, ಬಲಗಡೆಯದ್ದು ಸಿಗ್ನಲ್‌ಗೆ ಅಂತ ಒಂದು ಗೆರೆ ಎಳೆದುಕೊಳ್ಳಿ.

ಇದರಲ್ಲಿ ಗದ್ದಲಕ್ಕಿಂತ ದೊಡ್ಡ ವಿಷಯ ಒಂದಿದೆ, ಜೀವದ್ದು. ಸಾಮಾನ್ಯ ಪ್ಯಾಚ್ ಕಾರ್ಡ್‌ನ (ಎರಡೂ ತುದಿಗೆ ಪ್ಲಗ್ ಇರುವ ಈಥರ್ನೆಟ್ ಕೇಬಲ್) ಹೊದಿಕೆ 400 ವೋಲ್ಟ್ ತಡೆಯಲು ಮಾಡಿದ್ದಲ್ಲ. ಬೇರೆ ಬೇರೆ ವೋಲ್ಟೇಜಿನ ವೈರ್‌ಗಳು ಒಂದೇ ಡಕ್ಟ್‌ನಲ್ಲಿ ಹೋಗುವುದಿದ್ದರೆ, ಅಲ್ಲಿರುವ ಅತಿ ಹೆಚ್ಚು ವೋಲ್ಟೇಜನ್ನು ಎಲ್ಲದರ ಇನ್ಸುಲೇಶನ್ನೂ ತಡೆಯಬೇಕು ಅನ್ನುವುದು ನಿಯಮ. ಪವರ್ ವೈರ್ ಒಂದರ ಸಿಪ್ಪೆ ತಗಡಿನ ಅಂಚಿಗೆ ಉಜ್ಜಿ ಹೋಗಿ, ಅದು ಪ್ಯಾಚ್ ಕಾರ್ಡ್ ಒಳಗಿನ ತಾಮ್ರ ಮುಟ್ಟಿತು ಅಂದುಕೊಳ್ಳಿ. ಆ ಕೇಬಲ್‌ನ ಇನ್ನೊಂದು ತುದಿ ಯಾರದೋ ಲ್ಯಾಪ್‌ಟಾಪ್‌ನಲ್ಲಿ ಇರುತ್ತದೆ. ಹಾಗಾಗಿ ಬೇರೆ ಡಕ್ಟ್ ಹಾಕಿ, ಇಲ್ಲವೇ 600 ವೋಲ್ಟ್ ರೇಟಿಂಗ್ ಬರೆದಿರುವ ಇಂಡಸ್ಟ್ರಿಯಲ್ ಈಥರ್ನೆಟ್ ಕೇಬಲ್ ಹಾಕಿ. ಶೀಲ್ಡ್ ಇರುವ ಕೇಬಲ್ ಆದರೆ ಶೀಲ್ಡನ್ನು ಪೂರ್ತಿ ಸುತ್ತ ಹಿಡಿಯುವ ಕ್ಲ್ಯಾಂಪ್ ಬಳಸಿ. ಶೀಲ್ಡ್ ಬಿಚ್ಚಿ ಜಡೆಯ ಹಾಗೆ ಹೆಣೆದು ಒಂದು ಸ್ಕ್ರೂಗೆ ಸಿಕ್ಕಿಸಿದರೆ ಅದರ ಪ್ರಯೋಜನದಲ್ಲಿ ಬಹುಪಾಲು ಹೋಯಿತು. ರೂಟರ್‌ನ ರಿಲೇ ಔಟ್‌ಪುಟ್ ಬಳಸುವುದಿದ್ದರೂ ಇದೇ ಎಚ್ಚರ. ಅವು ಹೆಚ್ಚಾಗಿ ಕಡಿಮೆ ವೋಲ್ಟೇಜಿಗೆ ಮಾತ್ರ. 230 ವೋಲ್ಟ್ ದೀಪಕ್ಕೆ ನೇರವಾಗಿ ಕೊಡದೆ ನಡುವೆ ಒಂದು ರಿಲೇ ಇಡಿ.

ಆರ್‌ಎಸ್-485 ಬಗ್ಗೆ ಸ್ವಲ್ಪವೇ ಹೇಳುತ್ತೇನೆ. ಒಂದರಿಂದ ಇನ್ನೊಂದಕ್ಕೆ ಸರಪಳಿಯ ಹಾಗೆ ಹೋಗಬೇಕು, ಒಂದೇ ಕಡೆಯಿಂದ ನಕ್ಷತ್ರದ ಹಾಗೆ ಹರಡಬಾರದು. ಎರಡು ತುದಿಯಲ್ಲಿ ಮಾತ್ರ 120 ಓಮ್ ರೆಸಿಸ್ಟರ್. ಆಫ್ ಮಾಡಿ ಎ ಮತ್ತು ಬಿ ನಡುವೆ ಅಳೆದಾಗ ಸುಮಾರು 60 ಓಮ್ ಬಂದರೆ ಎರಡೂ ಇವೆ. 120 ಬಂದರೆ ಒಂದು ಕಾಣೆಯಾಗಿದೆ. 40 ಬಂದರೆ ಯಾರೋ ನಡುವೆ ಮೂರನೆಯದನ್ನೂ ಹಾಕಿದ್ದಾರೆ. ಎ, ಬಿ ಅಂತ ಹೆಸರಿಡುವುದರಲ್ಲಿ ತಯಾರಕರು ಒಂದೇ ರೀತಿ ಇಲ್ಲ. ಸಂಪರ್ಕ ಸಿಗದಿದ್ದರೆ ಎರಡು ವೈರ್ ಅದಲು ಬದಲು ಮಾಡಿ ನೋಡಿ, ಅದರಿಂದ ಏನೂ ಸುಡುವುದಿಲ್ಲ. ಮೂರನೆಯ ವೈರ್, ಅಂದರೆ ಕಾಮನ್, ಬಿಡಬೇಡಿ. ಎರಡು ಕಡೆಯ ಗ್ರೌಂಡ್ ಬೇರೆಯಾದರೆ ಎ, ಬಿ ವೈರ್‌ಗಳ ವೋಲ್ಟೇಜೂ ಸರಿಯುತ್ತದೆ, ತನ್ನ ಗ್ರೌಂಡ್‌ಗೆ ಹೋಲಿಸಿ ಅದು ಮೈನಸ್ 7ರಿಂದ ಪ್ಲಸ್ 12 ವೋಲ್ಟ್‌ವರೆಗೆ ಇದ್ದರೆ ಮಾತ್ರ ಈ ಪೋರ್ಟ್ ತಾಳುತ್ತದೆ. ಕೇಬಲ್ ಬೇರೆ ಕಟ್ಟಡಕ್ಕೆ ಹೋಗುವುದಿದ್ದರೆ ಐಸೊಲೇಟರ್ (ಎರಡು ಕಡೆಯ ಕರೆಂಟಿನ ದಾರಿ ಬೇರ್ಪಡಿಸಿ ಸಿಗ್ನಲ್ ಮಾತ್ರ ದಾಟಿಸುವ ಸಾಧನ) ಹಾಕಿ.

ಕೊನೆಗೆ ಸಿಗ್ನಲ್. ಬಾಗಿಲು ಮುಚ್ಚಿದರೆ ಸಿಗ್ನಲ್ ಹೋಗುವುದು ಸಹಜ. ಅರ್ಥ್ ಆದ ಉಕ್ಕಿನ ಪೆಟ್ಟಿಗೆ ರೇಡಿಯೊ ಅಲೆಗಳನ್ನು ಒಳಗೆ ಬಿಡುವುದಿಲ್ಲ. ರೂಟರ್ ಜೊತೆ ಬಂದ ಕಡ್ಡಿ ಆಂಟೆನಾಗಳನ್ನು ಒಳಗೇ ಹಾಕಿ ಬಾಗಿಲು ಸ್ವಲ್ಪ ತೆರೆದಿಡುವ ಪರಿಹಾರವನ್ನು ದಯವಿಟ್ಟು ಯೋಚಿಸಲೂ ಬೇಡಿ. ತೆರೆದ ಬಾಗಿಲಿನಿಂದ ಧೂಳು, ಹಲ್ಲಿ, ತೇವ ಎಲ್ಲ ಒಳಗೆ ಬರುತ್ತವೆ, ದಾರಿಹೋಕರ ಕೈಯೂ ಒಳಗೆ ಬರಬಹುದು. ಆಂಟೆನಾ ಹೊರಗೇ ಇರಬೇಕು.

ಪ್ಯಾನೆಲ್ ತಲೆಯ ಮೇಲೆ ಕೂರುವ, ಕೆಳಗೆ ರಬ್ಬರ್ ಗ್ಯಾಸ್ಕೆಟ್ ಇರುವ ಗುಂಡು ಆಂಟೆನಾ ನಿಮಗೆ ಒಳ್ಳೆಯ ಆಯ್ಕೆ. ಒಂದರೊಳಗೇ ಎರಡು ಆಂಟೆನಾ ಇರುವುದನ್ನು ತನ್ನಿ, ಏಕೆಂದರೆ ನಿಮ್ಮ ರೂಟರ್‌ಗೆ ಎರಡೂ ಬೇಕು. ಪ್ಯಾನೆಲ್ ಬಯಲಿನಲ್ಲಿದ್ದರೆ ಮೇಲಿನ ತೂತು ನೀರಿನ ದಾರಿಯಾಗಬಹುದು, ಆಗ ಬದಿಯಲ್ಲಿ ಅಥವಾ ಕೆಳಗೆ ಗ್ಲ್ಯಾಂಡ್ ಮೂಲಕ ಕೇಬಲ್ ತನ್ನಿ. ಒಳಗೆ ಬರುವ ಮುಂಚೆ ಕೇಬಲ್ಲನ್ನು ಒಮ್ಮೆ ಕೆಳಕ್ಕೆ ಬಾಗಿಸಿ, ಹನಿ ಅಲ್ಲೇ ಬೀಳಲಿ. ಪ್ಯಾನೆಲ್‌ನ ಐಪಿ 65 ರೇಟಿಂಗ್ (ಧೂಳು, ನೀರು ತಡೆಯುವ ಅಳತೆ) ಒಂದು ಮುಚ್ಚದ ತೂತಿನಿಂದಲೇ ಮುಗಿದುಹೋಗುತ್ತದೆ.

ಕೇಬಲ್ ಉದ್ದದ ಆಸೆ ಬೇಡ. ತೆಳುವಾದ ಆರ್‌ಜಿ-174 ಕೇಬಲ್ 2 ಗಿಗಾಹರ್ಟ್ಸ್ ಹತ್ತಿರ ಪ್ರತಿ ಮೀಟರಿಗೆ ಸುಮಾರು ಒಂದೂವರೆ ಡೆಸಿಬೆಲ್ ತಿನ್ನುತ್ತದೆ. 3 ಡೆಸಿಬೆಲ್ ಅಂದರೆ ಅರ್ಧ ಹೋಯಿತು. 5 ಮೀಟರ್ ಎಳೆದರೆ ಐದರಲ್ಲಿ ಒಂದು ಪಾಲೂ ಉಳಿಯುವುದಿಲ್ಲ. ದೂರ ಹೋಗಬೇಕಾದರೆ ದಪ್ಪ, ಕಡಿಮೆ ನಷ್ಟದ ಕೇಬಲ್ ತನ್ನಿ. ಉಳಿದ ಕೇಬಲ್ಲನ್ನು ಡ್ರೈವ್ ಪಕ್ಕದಲ್ಲಿ ಸುತ್ತಿಡಬೇಡಿ. ಕನೆಕ್ಟರ್ ನೋಡಿ ಕೊಳ್ಳಿ. 4ಜಿಗೆ ಸಾಮಾನ್ಯವಾಗಿ ಎಸ್‌ಎಂಎ, ವೈಫೈಗೆ ಆರ್‌ಪಿ-ಎಸ್‌ಎಂಎ. ಎರಡರ ತಿರುಪೂ ಒಂದಕ್ಕೊಂದು ಕೂರುತ್ತದೆ, ಆದರೆ ನಡುವಿನ ಪಿನ್ ಇರಬೇಕಾದ ಕಡೆ ಎರಡರಲ್ಲೂ ತೂತೇ ಇರುತ್ತದೆ. ಗಟ್ಟಿಯಾಗಿ ತಿರುಗಿಸಿದ್ದೇನೆ, ಸಿಗ್ನಲ್ ಮಾತ್ರ ಇಲ್ಲ ಅನ್ನುವ ದೂರು ಬಂದಾಗ ನಾನು ಮೊದಲು ನೋಡುವುದು ಇದನ್ನೇ. ಆಂಟೆನಾ ಎತ್ತರದ ಕಂಬಕ್ಕೆ ಹೋಗುವುದಿದ್ದರೆ, ಕೇಬಲ್ ಪ್ಯಾನೆಲ್ ಒಳಗೆ ಬರುವ ಜಾಗದಲ್ಲೇ ಸರ್ಜ್ ಅರೆಸ್ಟರ್ ಹಾಕಿ ಪ್ಯಾನೆಲ್ ಅರ್ಥ್‌ಗೆ ಸೇರಿಸಿ. ಇಲ್ಲದಿದ್ದರೆ ಸಿಡಿಲಿನ ಹೊಡೆತ ರೂಟರ್ ದಾಟಿ ಪಿಎಲ್‌ಸಿವರೆಗೂ ಬರುತ್ತದೆ.

ಎಲ್ಲ ಮುಗಿದ ಮೇಲೆ ಒಳಗೆ ಬಿಟ್ಟ ಸ್ಕ್ರೂ, ವೈರ್ ಚೂರು ಎಲ್ಲ ತೆಗೆದು, ಬಾಗಿಲು ಮುಚ್ಚಿ ಪರೀಕ್ಷಿಸಿ. ತೆರೆದ ಬಾಗಿಲಿನ ಪರೀಕ್ಷೆ ಲೆಕ್ಕಕ್ಕಿಲ್ಲ. ರೂಟರ್‌ನ ಸೆಟ್ಟಿಂಗ್ ಪುಟದಲ್ಲಿ ಆರ್‌ಎಸ್‌ಆರ್‌ಪಿ (4ಜಿ ಸಿಗ್ನಲ್ ಬಲದ ಅಳತೆ, ಡಿಬಿಎಂನಲ್ಲಿ) ನೋಡಿ. ಮೈನಸ್ 80ರ ಸುತ್ತ ಇದ್ದರೆ ಚೆನ್ನ, ಮೈನಸ್ 100 ಅಂದರೆ ದುರ್ಬಲ, ಮೈನಸ್ 110ರ ಆಚೆ ಆದರೆ ಆಂಟೆನಾ ಜಾಗ ಬದಲಿಸಿ. ಮೋಟಾರನ್ನು ಮತ್ತೆ ಹತ್ತು ಸಲ ಆನ್ ಆಫ್ ಮಾಡಿ, ರೂಟರ್ ಎಷ್ಟು ಹೊತ್ತಿನಿಂದ ಓಡುತ್ತಿದೆ ಅನ್ನುವ ಅಪ್‌ಟೈಮ್ ಸೊನ್ನೆಗೆ ಇಳಿಯಿತೇ ನೋಡಿ. ಡ್ರೈವ್ ಪೂರ್ತಿ ಲೋಡ್‌ನಲ್ಲಿ ಎರಡು ಮೂರು ಗಂಟೆ ಓಡಿದ ಮೇಲೆ ರೂಟರ್ ತೋರಿಸುವ ಒಳಗಿನ ತಾಪಮಾನ ಬರೆದಿಡಿ. ಫ್ಯಾಕ್ಟರಿಯಿಂದ ಬಂದ ಪಾಸ್‌ವರ್ಡ್ ಅವತ್ತೇ ಬದಲಿಸಿ.

ಕರೆಂಟ್ ಹೋದಾಗಲೂ ರೂಟರ್ ಮೆಸೇಜ್ ಕಳಿಸಲಿ ಅಂತ ಮುಂದೆ ನೀವು 24 ವೋಲ್ಟ್ ಡಿಸಿ ಯುಪಿಎಸ್ ಹಾಕಬಹುದು, ಒಳ್ಳೆಯದೇ. ಆದರೆ ಅಂದಿನಿಂದ ನಿಮ್ಮ ಪ್ಯಾನೆಲ್‌ನಲ್ಲೂ ಮೇನ್ ಆಫ್ ಆದರೂ ಜೀವಂತ ಇರುವ ವೈರ್ ಇರುತ್ತದೆ. ಆ ವೈರ್‌ಗಳಿಗೆ ಕಿತ್ತಳೆ ಬಣ್ಣ ಹಾಕಿ, ಟರ್ಮಿನಲ್ ಪಕ್ಕದಲ್ಲಿ ಚೀಟಿ ಅಂಟಿಸಿ, ಹೊಸ ಫ್ಯೂಸ್ ಮತ್ತು ವೈರ್ ನಂಬರ್‌ಗಳನ್ನು ಡ್ರಾಯಿಂಗ್‌ನಲ್ಲಿ ಸೇರಿಸಿ ಬಾಗಿಲ ಹಿಂದಿನ ಜೇಬಿನಲ್ಲಿ ಇಡಿ.